ಒದ್ದೆ ಬಟ್ಟೆಯ ಇಪ್ಪತ್ತೊಂದು ದಿನ

ಇವತ್ತು ಮಂಗಳವಾರ, ಬಟ್ಟೆಗೆ ಕೆಲಸವಿಲ್ಲ ಎಂದು ಗೊತ್ತಿದ್ದೂ ಶ್ರೀಕಂಠ ಅದನ್ನು ನಾಲ್ಕಾಗಿ ಮಡಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲವನ್ನು ಊಟದ ಡಬ್ಬಿಯ ಕೆಳಗೆ ತುರುಕಿದ. ಹಳೆಯ ಪಂಚೆಯಿಂದ ಹರಿದ ತುಂಡು. ಒಂದು ಮೊಳ ಉದ್ದ, ಗೇಣು ಅಗಲ. ರಾತ್ರಿಯೆಲ್ಲ ಒಣಗಿದ್ದರೂ ಕೈಗೆ ತಣ್ಣಗೆ ತಗಲಿತು, ಅಥವಾ ಹಾಗೆ ಅನ್ನಿಸಿತು. ಅಡುಗೆಮನೆಯಿಂದ ಮಗಳು ಉಮಾ ನೋಡುತ್ತಿದ್ದಳು. ಅವಳು ನೋಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಚೀಲದ ಜಿಪ್ಪು ಎಳೆಯುವುದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಳೆದ.

"ಅಪ್ಪಾ, ಅದೇನು ದಿನಾ ಆ ಬಟ್ಟೆ ಒಗ್ದು ಒಗ್ದು ತಗೊಂಡ್ಹೋಗ್ತೀಯ? ಲ್ಯಾಬಲ್ಲಿ ಟಿಶ್ಯೂ ಇಲ್ವಾ?"

"ಬೆವರು ಒರೆಸ್ಕೊಳ್ಳಕ್ಕೆ."

"ಏಸಿ ರೂಮಲ್ಲಿ ಬೆವರಾ? ಆಮೆಗಳ ಜೊತೆ ಇದ್ದು ಇದ್ದು ನೀನೂ ಆಮೆನೇ ಆಗ್ಹೋದೆ. ಏನು ಕೇಳಿದ್ರೂ ತಲೆ ಒಳಕ್ಕೆ."

ಅವಳು ನಕ್ಕಳು, ಅವನೂ ನಕ್ಕ. ಮೂರು ಹೆಣ್ಣುಮಕ್ಕಳಲ್ಲಿ ಕೊನೆಯವಳು, ಅವನನ್ನು ತನ್ನ ಮನೆಯಲ್ಲಿಟ್ಟು ನೋಡಿಕೊಳ್ಳುತ್ತಿರುವವಳು, ಚಾಂಗಿಯ ಆಫೀಸಿಗೆ ಎಂಟೂವರೆಗೆ ಓಡಬೇಕಾದವಳು. ಹೋಗುವಾಗ ಅವನ ಅಂಗಿಯ ಮೇಲಿನ ಗುಂಡಿ ಹಾಕಿ ಹೋದಳು. ಆ ಬೆರಳು ಕುತ್ತಿಗೆಗೆ ತಗಲಿದಾಗ, ಇವಳಿಗೆ ಹೇಳಿಬಿಡಬಹುದಾಗಿತ್ತು ಎಂದುಕೊಂಡ. ಹೇಳಿದರೆ ಅರ್ಧ ಮಾತ್ರ ಹೇಳಲು ಆಗುತ್ತಿರಲಿಲ್ಲ. ಉಳಿದರ್ಧ ಅವಳದೇ ಕಥೆ.

ಮನೆಯಿರುವ ಟ್ಯಾಂಪಿನೀಸಿನಿಂದ ಲ್ಯಾಬಿರುವ ಒನ್-ನಾರ್ತಿಗೆ ಮುಕ್ಕಾಲು ಗಂಟೆಯ ಮೇಲೆ ರೈಲು, ನಡುವೆ ಒಮ್ಮೆ ಬದಲಾಯಿಸಬೇಕು. ಯಾರೋ ಹುಡುಗಿ ಎದ್ದು ಜಾಗ ಕೊಟ್ಟಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿನ ಕಿಟಕಿಯಲ್ಲಿ ಅವನ ಮುಖವೂ ಬಹುಮಹಡಿಗಳ ಸಾಲೂ ಒಂದರ ಮೇಲೊಂದು ಹಾದುಹೋಗುತ್ತಿದ್ದವು. ಅರುವತ್ತೇಳು ವರ್ಷ. ನಾಲ್ಕನೇ ಕ್ಲಾಸು. ಮೈಸೂರಿನ ಮೃಗಾಲಯದಲ್ಲಿ ಹಾವು ಮೊಸಳೆಗಳ ಮನೆ ತೊಳೆಯುತ್ತಿದ್ದವನನ್ನು ಯಾರೋ ಸಾಹೇಬ ಕಡಲಾಚೆಯ ಈ ಊರಿಗೆ ಕರೆತಂದು ಮೂವತ್ತೆರಡು ವರ್ಷವಾಯಿತು. ನಿವೃತ್ತನಾದ ಮೇಲೂ ಮೊಟ್ಟೆ ನೋಡಿಕೊಳ್ಳಲು ಅವನೇ ಬೇಕು ಎಂದು ಹುಡುಕಿಕೊಂಡು ಬಂದವಳು ಆಮೆಗಳ ಮೇಲೆ ಸಂಶೋಧನೆ ಮಾಡುವ ಅನಘಾ. ಕೋಳಿ ತನ್ನ ಮೊಟ್ಟೆಯನ್ನು ದಿನಕ್ಕೆ ಹತ್ತು ಸಲ ತಿರುವುತ್ತದೆ. ಆಮೆಯ ಮೊಟ್ಟೆಯನ್ನು ಇಟ್ಟ ಮಗ್ಗುಲಿನಿಂದ ಒಮ್ಮೆ ಮಗುಚಿದರೂ ಒಳಗಿನದು ಸಾಯಬಹುದು. ಅದಕ್ಕೇ ಅಗೆದು ತೆಗೆಯುವ ಮೊದಲೇ ನೆತ್ತಿಯ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕಬೇಕು, ಆ ಗುರುತು ಆಕಾಶ ನೋಡುತ್ತಲೇ ಇರಬೇಕು. ಇಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಒಂದೂ ಮಗುಚಿರಲಿಲ್ಲ. ಅನಘಾ ತನ್ನ ಜೊತೆಯವರಿಗೆ ಅವನನ್ನು ತೋರಿಸಿ, ಇವರ ಕೈ ಲೆವೆಲ್ ಥರ ಎಂದಿದ್ದಳು. ಗಾರೆಯವನು ಗೋಡೆಗೆ ಹಿಡಿಯುವ ನೀರಿನ ಗುಳ್ಳೆಯ ಕೋಲು. ಆ ಮಾತು ನೆನಪಾದಾಗಲೆಲ್ಲ ಈಗ ಕೈಯನ್ನು ಎಲ್ಲಿಡುವುದೆಂದು ತಿಳಿಯುವುದಿಲ್ಲ.

ಆಫ್ರಿಕಾದ ಮಗ್ಗುಲಿನ ಮಡಗಾಸ್ಕರ್ ದ್ವೀಪದ ಆಮೆಗಳು ಅವು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು, ಯಾರೋ ರಂಗೋಲಿ ಬಿಡುತ್ತ ಚುಕ್ಕಿಯಿಂದ ಚುಕ್ಕಿಗೆ ಎಳೆದ ಹಾಗೆ. ಸೂಟ್‌ಕೇಸಿನಲ್ಲಿ, ಕಾಲುಚೀಲಗಳೊಳಗೆ ತುರುಕಿ ಕದ್ದು ಸಾಗಿಸುತ್ತಿದ್ದವರಿಂದ ವಿಮಾನ ನಿಲ್ದಾಣದಲ್ಲಿ ಬಿಡಿಸಿದ್ದು. ಅವುಗಳಲ್ಲಿ ಎರಡು ಇಲ್ಲೇ ಮೊಟ್ಟೆಯಿಟ್ಟವು, ಒಟ್ಟು ಹನ್ನೆರಡು. ಅನಘಾ ಆರಾರು ಮಾಡಿ ಎರಡು ಪೆಟ್ಟಿಗೆಗಳಲ್ಲಿ ಇಟ್ಟಳು. ಒಂದರಲ್ಲಿ ಆ ದ್ವೀಪದ ಮಣ್ಣು ಹಿಂದೆ ಎಷ್ಟು ಬೆಚ್ಚಗಿರುತ್ತಿತ್ತೋ ಅಷ್ಟೇ ಬಿಸಿ. ಇನ್ನೊಂದರಲ್ಲಿ ಮೂವತ್ತೆರಡು ಡಿಗ್ರಿ. ಈಚಿನ ಕೆಟ್ಟ ಬೇಸಿಗೆಗಳಲ್ಲಿ ಗೂಡಿನ ಮಣ್ಣು ಮುಟ್ಟುತ್ತಿರುವ ಬಿಸಿ. ಮಂಗಳವಾರ, ಶುಕ್ರವಾರ ಅವಳು ಬಂದು ನೋಡುತ್ತಾಳೆ. ಉಳಿದ ದಿನ ಅವನೊಬ್ಬನೇ. ಭಾನುವಾರ ಒಬ್ಬ ವಿದ್ಯಾರ್ಥಿ. ಬೆಳಿಗ್ಗೆ ಸಂಜೆ ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಬಿಸಿಯ ಪೆಟ್ಟಿಗೆಯ ಅಂಕಿ ಯಾವಾಗಲೂ ಮೂವತ್ತೆರಡೇ. ಅದನ್ನೇ ಬರೆದಿದ್ದಾನೆ, ಒಂದು ದಿನವೂ ಸುಳ್ಳು ಬರೆದಿಲ್ಲ. ಬಿಸಿ ಅಳೆಯುವ ತಂತಿಯ ತುದಿ ಪೆಟ್ಟಿಗೆಯ ಮೂಲೆಯಲ್ಲಿ, ಬಟ್ಟೆ ಮುಟ್ಟದ ಕಡೆ ಇತ್ತು, ಅಷ್ಟೇ.

ಮೊದಲ ಸಲ ಮಾಡಿದ್ದು ಒಂದು ಶನಿವಾರ. ಹಿಂದಿನ ದಿನ ಅನಘಾ ಹೇಳಿದ್ದಳು: "ಅಂಕಲ್, ಇವುಗಳಲ್ಲಿ ಗಂಡಾ ಹೆಣ್ಣಾ ಅಂತ ಡಿಸೈಡ್ ಮಾಡೋದು ಮಣ್ಣಿನ ಬಿಸಿ. ಹಾಟ್ ಬಾಕ್ಸಲ್ಲಿರೋದು ಆರೂ ಹೆಣ್ಣೇ ಆಗತ್ತೆ ಅನ್ಸತ್ತೆ. ಹೀಗೇ ಬಿಸಿ ಏರ್ತಾ ಹೋದ್ರೆ ಅಲ್ಲಿ ಒಂದಿನ ಗಂಡೇ ಇರಲ್ಲ." ಆರಕ್ಕೆ ಆರೂ ಹೆಣ್ಣು. ಆ ರಾತ್ರಿ ಅವನಿಗೆ ಏನೂ ತೊಂದರೆಯಾಗಿರಲಿಲ್ಲ, ಚೆನ್ನಾಗಿಯೇ ನಿದ್ದೆ ಬಂದಿತ್ತು. ಬೆಳಿಗ್ಗೆ ಮುಚ್ಚಳ ತೆಗೆದು ಮೊಟ್ಟೆಗಳ ಮೇಲೆ ಅಂಗೈ ಹಿಡಿದಾಗ ಬಿಸಿಯುಸಿರು ತಗಲಿದ ಹಾಗಾಯಿತು. ಉಷ್ಣ, ಎಂದುಕೊಂಡ. ಪಾಪ, ಉಷ್ಣವಾಗಿದೆ. ಬೆವರು ಒರೆಸಲು ತಂದಿದ್ದ ತುಂಡನ್ನು ಫ್ರಿಜ್ಜಿನ ನೀರಲ್ಲಿ ಅದ್ದಿ ಹಿಂಡಿ ಮೊಟ್ಟೆಗಳ ಮೇಲೆ ಹಾಸಿದ. ಕೈ ತಾನೇ ಮಾಡಿತು. ಸಂಜೆಯತನಕ ನಾಲ್ಕು ಸಲ ಅದ್ದಿ ಹಾಸಿದ. ಮನೆಗೆ ಹೊರಡುವಾಗ ಯಾವುದೋ ರೋಗಿಯ ಬಳಿ ಕೂತು ಎದ್ದುಬಂದ ಸಮಾಧಾನವಿತ್ತು.

ಕೈಗೆ ಅದು ಎಲ್ಲಿಂದ ಬಂತು ಎಂದು ತಿಳಿದದ್ದು ಮೂರನೇ ವಾರದಲ್ಲಿ. ಬಟ್ಟೆಯ ಅಂಚನ್ನು ಸರಿಪಡಿಸುತ್ತಿದ್ದ ತನ್ನ ಬೆರಳುಗಳನ್ನು ನೋಡಿದಾಗ ಅವು ಅವನ ತಾಯಿಯವಾಗಿದ್ದವು. ನಂಜನಗೂಡಿನ ನಡುಮನೆ, ಏಪ್ರಿಲ್ ತಿಂಗಳ ಮಧ್ಯಾಹ್ನ, ಚಾಪೆಯ ಮೇಲೆ ಅಂಗಾತ ಮಲಗಿದ ಹೆಂಡತಿ ಕಾಮಾಕ್ಷಿ, ಏಳು ತಿಂಗಳ ಹೊಟ್ಟೆಯ ಮೇಲೆ ಒದ್ದೆ ಬಟ್ಟೆ. "ಇವಳ ಹೊಟ್ಟೆ ಉಷ್ಣ ಕಣೋ, ಅದಕ್ಕೇ ಗಂಡು ನಿಲ್ಲಲ್ಲ. ಎರಡೂ ಹೆಣ್ಣಾಯ್ತು, ಇದನ್ನಾದ್ರೂ ತಣ್ಣಗಿಡಬೇಕು." ಕಪಿಲೆಯಿಂದ ತಂದ ನೀರು, ಮಣ್ಣಿನ ಮಡಕೆಯಲ್ಲಿ ಇಟ್ಟು ಇನ್ನಷ್ಟು ತಣ್ಣಗಾದದ್ದು. ತಾಯಿ ಹಿಂಡಿ ಹಾಸುತ್ತಿದ್ದಳು, ಕಾಮಾಕ್ಷಿಯ ಹೊಟ್ಟೆಯ ಚರ್ಮ ಒಮ್ಮೆ ನಡುಗಿ ನಿಲ್ಲುತ್ತಿತ್ತು. ಅವನು ಬಾಗಿಲಲ್ಲಿ ನಿಂತಿದ್ದ. ಕಾಮಾಕ್ಷಿ ಅವನನ್ನು ನೋಡಲಿಲ್ಲ, ತೊಲೆ ನೋಡುತ್ತಿದ್ದಳು. ಸಾಕು ಬಿಡವ್ವ ಎಂಬ ಎರಡು ಮಾತು ಗಂಟಲಲ್ಲೇ ಇತ್ತು. ನಲವತ್ತು ವರ್ಷ ಹತ್ತಿರವಾಯಿತು, ಅಲ್ಲೇ ಇದೆ. ಹುಟ್ಟಿದ್ದು ಉಮಾ. ಸುದ್ದಿ ಬಂದಾಗ ಅವನು ಮೊಸಳೆಗಳಿಗೆ ಮಾಂಸ ಹಾಕುತ್ತಿದ್ದ. ಹಾಕುತ್ತಲೇ ಇದ್ದ. ಆ ದಿನವೂ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಮೂರನೆಯ ದಿನ ಹೋದಾಗ ಕಾಮಾಕ್ಷಿ, "ಊಟ ಆಯ್ತಾ?" ಎಂದಷ್ಟೇ ಕೇಳಿದಳು. ಸಾಯುವತನಕ ಅದರ ಮೇಲೆ ಒಂದು ಮಾತು ಸೇರಿಸಲಿಲ್ಲ. ಹಾಗಾದರೆ ಮೊಟ್ಟೆಗಳ ಮೇಲೆ ತಾನು ಹಾಸಿದ್ದು ಕರುಣೆಯ ಬಟ್ಟೆಯೋ, ಒಂದಾದರೂ ಗಂಡಿರಲಿ ಎಂಬ ಆ ಹಳೆಯ ಬಟ್ಟೆಯೋ? ತಿಳಿಯಲಿಲ್ಲ. ತಿಳಿಯದೆಯೇ ಮಾರನೆಯ ದಿನವೂ ಹಾಸಿದ.

ಅನಘಾ ಹತ್ತು ಗಂಟೆಗೆ ಬಂದಳು, ಕೈಯಲ್ಲಿ ಮಿಠಾಯಿ ಡಬ್ಬ. ಮೂವತ್ತು ತುಂಬದ ಹುಡುಗಿ. ಬೆಂಗಳೂರಿನವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. ಅವಳ ಕನ್ನಡ ಅಪ್ಪ ಅಮ್ಮನ ಮನೆಮಾತು, ನಡುನಡುವೆ ಈ ಊರಿನ ಬಾಲ.

"ಅಂಕಲ್, ನಿನ್ನೆ ಲಿಟಲ್ ಇಂಡಿಯಾಗೆ ಹೋಗಿದ್ದೆ. ನಿಮಗೋಸ್ಕರ ಮೈಸೂರ್ ಪಾಕ್. ಆದ್ರೆ ಈಗಲ್ಲ. ಫಸ್ಟ್ ಲೈಟ್ಸ್ ಆಫ್."

ಕೋಣೆ ಕತ್ತಲಾಯಿತು. ಅವಳು ಸಣ್ಣ ಟಾರ್ಚನ್ನು ಒಂದೊಂದೇ ಮೊಟ್ಟೆಯ ಪಕ್ಕಕ್ಕೆ ಹಿಡಿದಳು. ಒಳಗೆ ಕೆಂಪು ನರಗಳು ಕಾಣಬೇಕು, ಬೇರಿನ ಹಾಗೆ. ತಂಪಿನ ಪೆಟ್ಟಿಗೆಯಲ್ಲಿ ಐದು ಬೆಳಗಿದವು, ಒಂದು ಬರಿಯ ಹಳದಿ. ಬಿಸಿಯ ಪೆಟ್ಟಿಗೆಯಲ್ಲಿಯೂ ಐದು ಬೆಳಗಿದವು. ಆರನೆಯದು, ಬಲತುದಿಯದು, ಕಪ್ಪಗೆ ಕೂತಿತ್ತು. ಕಳೆದ ಶುಕ್ರವಾರ ಅದರಲ್ಲಿಯೂ ನರವಿತ್ತು. ಅವಳು ಟಾರ್ಚನ್ನು ಅಲ್ಲೇ ಹಿಡಿದು ನಿಂತಳು, ಆಮೇಲೆ ದೀಪ ಹಾಕಿದಳು. ಮುಖ ಅರಳಿತ್ತು.

"ಐದು, ಐದು! ಸೇಮ್ ಸೇಮ್ ಲಾ! ಅಂಕಲ್, ಬಿಸಿಗೆ ಇವು ಸಾಯಲ್ಲ. ನಾನು ಎಷ್ಟು ಹೆದರಿದ್ದೆ ಗೊತ್ತಾ?"

"ಒಂದು ಹೋಯ್ತಲ್ಲಮ್ಮ."

"ಅಲ್ಲೂ ಒಂದು ಹೋಗಿದೆ, ಇಲ್ಲೂ ಒಂದು. ಅದು ನಾರ್ಮಲ್." ಡಬ್ಬ ತೆಗೆದು ಅವನ ಬಾಯಿಗೇ ಒಂದು ತುಂಡು ಇಟ್ಟಳು. "ನಾಲ್ಕು ಗಂಟೆಗೆ ಮಡಗಾಸ್ಕರ್‌ಗೆ ಕಾಲ್ ಇದೆ. ಅಲ್ಲಿ ಆಮೆ ಕಾಯೋರು ಮೀಟಿಂಗಲ್ಲಿ ಕೂತಿರ್ತಾರೆ, ನನ್ನ ನಂಬರಿಗೇ ಕಾಯ್ತಿದಾರೆ. ಅವರ ಹತ್ರ ಜನಾನೂ ಇಲ್ಲ, ಟೈಮೂ ಇಲ್ಲ. ಗೂಡುಗಳ ಮೇಲೆ ನೆರಳು ಕಟ್ಟಬೇಕಾ ಬೇಡ್ವಾ ಅಂತ ಇವತ್ತೇ ಡಿಸೈಡ್ ಮಾಡ್ತಾರೆ. ಬೇಡ, ಮೊಟ್ಟೆ ತಡ್ಕೊಳತ್ತೆ ಅಂತೀನಿ. ಆ ಜನ ಎಲ್ಲಾ ಕಳ್ಳರನ್ನ ಹಿಡಿಯೋಕೆ ಹೋಗಬಹುದು. ರಿಪೋರ್ಟಲ್ಲಿ ನಿಮ್ಮ ಹೆಸರೂ ಹಾಕ್ತೀನಿ. ಶ್ರೀಕಂಠ, ಕೀಪರ್. ಓಕೆನಾ?"

ಮೈಸೂರ್ ಪಾಕು ನಾಲಿಗೆಯ ಮೇಲೆ ಕರಗುತ್ತಿತ್ತು. ಬಾಯಲ್ಲಿ ಸಿಹಿ ಇಟ್ಟುಕೊಂಡು ಏನು ಹೇಳುವುದು? ನುಂಗಿದ ಮೇಲೆ ಹೇಳುತ್ತೇನೆ ಎಂದುಕೊಂಡ. ನುಂಗಿದ. ಅವಳು ಆಗಲೇ ಕಂಪ್ಯೂಟರಿಗೆ ಕೂತಿದ್ದಳು.

ಹನ್ನೆರಡು ಗಂಟೆ, ಒಂದು ಗಂಟೆ. ಅವನು ನೆಲ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಕಂಪ್ಯೂಟರಿನ ಮೇಲೆ ಆ ದ್ವೀಪದ ಚಿತ್ರವಿತ್ತು: ಕೆಂಪು ಮಣ್ಣು, ಎಲೆಯಿಲ್ಲದ ಮುಳ್ಳುಗಿಡಗಳು, ನೆಲದಲ್ಲಿ ನೆಟ್ಟ ಸಣ್ಣ ಸಣ್ಣ ಕಡ್ಡಿಗಳು. ಒಂದೊಂದು ಕಡ್ಡಿಯ ಕೆಳಗೆ ಒಂದೊಂದು ಗೂಡು. ಬಿಸಿಲು ಎಷ್ಟಿತ್ತೆಂದರೆ ಕಡ್ಡಿಗಳಿಗೆ ನೆರಳೇ ಇರಲಿಲ್ಲ. ಎಷ್ಟು ಕಡ್ಡಿ ಎಂದು ಎಣಿಸಲು ಹೋಗಿ ಬಿಟ್ಟ. ಅಲ್ಲಿ ಯಾರು ಒದ್ದೆ ಬಟ್ಟೆ ಹಾಸುತ್ತಾರೆ? ಅವನು ಹೇಳದಿದ್ದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮರಿಯಾದ ಮೇಲೂ ಗಂಡು ಹೆಣ್ಣು ಹೊರಗಿನಿಂದ ತಿಳಿಯಲು ಹತ್ತು ಹನ್ನೆರಡು ವರ್ಷ ಬೇಕು. ಅಷ್ಟರಲ್ಲಿ ಅವನ ಬೂದಿಯನ್ನೂ ನೀರಲ್ಲಿ ಬಿಟ್ಟಿರುತ್ತಾರೆ. ಹೇಳಿದರೆ ಈ ಹುಡುಗಿಯ ಒಂದು ವರ್ಷ ನೀರಿಗೆ ಹೋಗುತ್ತದೆ. ನಾಲ್ಕನೇ ಕ್ಲಾಸಿನವನನ್ನು ತಂದು ಕೂರಿಸಿದವಳು ನೀನೇ ತಾನೆ ಎಂದು ಅವಳನ್ನೇ ಕೇಳುತ್ತಾರೆ. ಹೇಳದಿರುವುದರಲ್ಲಿ ಅವಳ ಒಳ್ಳೆಯದೂ ಇದೆ ಎಂದು ತೋರಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎಷ್ಟು ಸಲೀಸಾಗಿ ಸಿಕ್ಕಿತು ಈ ನೆಪ! ಅಂದೂ ಹೀಗೇ ಸಿಕ್ಕಿತ್ತು: ಅವ್ವನಿಗೆ ವಯಸ್ಸಾಗಿದೆ, ಎದುರಾಡಿದರೆ ಮನೆಯಲ್ಲಿ ರಂಪ, ಕಾಮಾಕ್ಷಿಗೇ ಕಷ್ಟ.

ಮೂರೂವರೆಗೆ ಅವನು ಚೀಲ ತೆಗೆದ. ಬಟ್ಟೆಯನ್ನು ಫ್ರಿಜ್ಜಿನ ನೀರಲ್ಲಿ ಅದ್ದಿ, ಹಿಂಡಿ, ಅನಘಾಳ ಮೇಜಿನ ಮುಂದೆ ಹಿಡಿದು ನಿಂತ. ಮಾತಿಗಿಂತ ಅದು ಸುಲಭವೆನ್ನಿಸಿತ್ತು. ಎರಡು ಹನಿ ಅವಳ ಕಾಗದದ ಮೇಲೆ ಬಿದ್ದವು.

"ಏನಂಕಲ್? ಜ್ವರಾನಾ?"

"ಇದನ್ನ ಮೊಟ್ಟೆ ಮೇಲೆ ಹಾಕ್ತಿದ್ದೆ ಕಣಮ್ಮ. ಬಿಸಿ ಪೆಟ್ಟಿಗೇಲಿ."

ಅವಳು ನಕ್ಕಳು, ಅರ್ಧ ನಗುವಿಗೆ ನಿಂತಳು. "ಯಾವಾಗ?"

"ನೀನು ಬರದ ದಿನ. ಬೆಳಿಗ್ಗೆಯಿಂದ ಸಂಜೆಗಂಟ. ಸಂಜೆ ತೆಗೆದುಬಿಡ್ತಿದ್ದೆ."

"ಎಷ್ಟು ದಿನ ಅಂಕಲ್?"

"ಇಪ್ಪತ್ತೊಂದು."

ಅವಳು ಎದ್ದು ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದಳು, ಮೂಲೆಯಲ್ಲಿದ್ದ ತಂತಿಯ ತುದಿ ನೋಡಿದಳು, ಮುಚ್ಚಿದಳು. ಕೂಗಾಡಬಹುದೆಂದು ಕಾದ. ಅವಳು ಕೂಗಾಡಲಿಲ್ಲ. ಹಣೆಯನ್ನು ಪೆಟ್ಟಿಗೆಯ ಗಾಜಿಗೆ ಒತ್ತಿ ನಿಂತಳು. ಉಸಿರಿಗೆ ಗಾಜು ಮಂಜಾಗಿ, ತಿಳಿಯಾಗಿ, ಮಂಜಾಯಿತು.

"ಯಾಕೆ? ಯಾಕಂಕಲ್? ನಿಮಗೆ ಎಲ್ಲಾ ಎಕ್ಸ್‌ಪ್ಲೇನ್ ಮಾಡಿದ್ನಲ್ಲ."

"ಉಷ್ಣ ಆಗಿದೆ ಅನ್ನಿಸ್ತು." ಅದು ಸಾಲದು ಎಂದು ಅವನಿಗೇ ಕೇಳಿಸಿತು. "ಆರೂ ಹೆಣ್ಣು ಅಂದ್ಯಲ್ಲ. ಒಂದಾದ್ರೂ ಗಂಡಿರಲಿ ಅಂತ... ಅದೂ ಇರಬೌದು. ನಂಗೆ ಗೊತ್ತಾಗ್ತಿಲ್ಲ ಕಣಮ್ಮ."

"ಮೈ ಗಾಡ್," ಎಂದಳು ಅವಳು, ಯಾರಿಗೂ ಅಲ್ಲದ ಹಾಗೆ. "ನಮ್ಮಜ್ಜಿ ಥರ ಮಾತಾಡ್ತೀರಲ್ಲ."

ಆ ಮಾತು ಹೊಡೆತಕ್ಕಿಂತ ಜಾಸ್ತಿ ತಾಗಿತು. ಬಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ಎರಡು ಕೈಯಲ್ಲೂ ಹಿಡಿದುಕೊಂಡೇ ಇದ್ದ. ನೀರು ಮುಂಗೈಯಿಂದ ಮೊಣಕೈಗೆ ಇಳಿಯುತ್ತಿತ್ತು. ಅನಘಾ ತಿರುಗಿ ಆ ಬಟ್ಟೆಯನ್ನು ನೋಡಿದಳು. ನೋಡುತ್ತಲೇ ಹತ್ತಿರ ಬಂದು ಅವನ ಕೈಯಿಂದ ಅದನ್ನು ತೆಗೆದುಕೊಂಡು ಬಿಡಿಸಿದಳು. ಪೆಟ್ಟಿಗೆಯ ಮೇಲೆ ಅಳತೆ ಹಿಡಿದಳು.

"ಇದು ಆರಕ್ಕೂ ಸಾಲಲ್ಲ."

"ಸಾಲ್ತಿರಲಿಲ್ಲ. ನಡುವಿನ ನಾಲ್ಕಕ್ಕೆ."

"ತುದೀದು?"

"ಎಡತುದೀದೂ ಬಲತುದೀದೂ ಹಾಗೇ ಬಿಡ್ತಿದ್ದೆ."

ಬಲತುದಿಯದು ಕಪ್ಪಗೆ ಕೂತಿದ್ದ ಮೊಟ್ಟೆ. ಅವನಿಗೆ ಅದು ಈಗಷ್ಟೇ ಹೊಳೆದದ್ದು. ಬೆಳಿಗ್ಗೆಯಿಂದ ಒರೆಸಿದ ನೆಲ, ಎಣಿಸಿದ ಕಡ್ಡಿ, ಹುಡುಕಿದ ನೆಪ, ಎಲ್ಲದರ ನಡುವೆ ಈ ಒಂದು ಲೆಕ್ಕ ಅವನ ತಲೆಗೆ ಬಂದಿರಲಿಲ್ಲ. ಇನ್ನೊಂದು ಗೇಣು ಬಟ್ಟೆ ಹರಿದಿದ್ದರೆ ಆಗುತ್ತಿತ್ತು. ಪಂಚೆ ಮನೆಯಲ್ಲೇ ಇತ್ತು.

"ಆರರಲ್ಲಿ ಒಂದು ಅಲ್ಲ," ಅನಘಾ ಮೆಲ್ಲಗೆ ಹೇಳಿದಳು. "ನಿಜವಾಗ್ಲೂ ಬಿಸಿಯಲ್ಲಿದ್ದಿದ್ದು ಎರಡೇ. ಎರಡರಲ್ಲಿ ಒಂದು ಸತ್ತಿದೆ." ಕುರ್ಚಿಯಲ್ಲಿ ಕೂತಳು. "ಎರಡು ಮೊಟ್ಟೆ ಅಂದ್ರೆ ಏನೂ ಅಲ್ಲ ಅಂಕಲ್. ಎರಡು ಮೊಟ್ಟೆ ಇಟ್ಕೊಂಡು ಯಾರಿಗೂ ಏನೂ ಪ್ರೂವ್ ಮಾಡಕ್ಕಾಗಲ್ಲ. ಬಿಸಿಗೇ ಹೋಯ್ತು ಅಂತಾನೂ ಹೇಳಕ್ಕಾಗಲ್ಲ. ಆದ್ರೆ ತಡ್ಕೊಳತ್ತೆ ಅಂತ ನಾನು ಹೇಳಿಬಿಡ್ತಿದ್ದೆ. ಇನ್ನರ್ಧ ಗಂಟೆ ಆಗಿದ್ರೆ ಹೇಳಿಬಿಡ್ತಿದ್ದೆ."

"ಅದು... ಏನಾಗ್ತಿತ್ತು? ಸತ್ತಿದ್ದು?"

"ಏನಾಗ್ತಿತ್ತು ಅಂದ್ರೆ?" ಅವಳಿಗೆ ತಡವಾಗಿ ಅರ್ಥವಾಯಿತು. "ಹೆಣ್ಣು, ಅಂಕಲ್. ಆ ಬಿಸೀಲಿ ಹೆಣ್ಣೇ ಆಗ್ತಿತ್ತು."

ಅವನು ತಲೆಯಾಡಿಸಿದ. ಗೋಡೆಯ ಗಡಿಯಾರ ನಾಲ್ಕಕ್ಕೆ ನಾಲ್ಕು ನಿಮಿಷ ತೋರಿಸುತ್ತಿತ್ತು. ಅನಘಾ ಕಣ್ಣು ಒರೆಸಿಕೊಂಡಳೋ, ಕೂದಲು ಸರಿಸಿಕೊಂಡಳೋ ತಿಳಿಯಲಿಲ್ಲ. ಎದ್ದು ಬಿಸಿಯ ಪೆಟ್ಟಿಗೆಯ ಗುಂಡಿಯನ್ನು ತಾನೇ ತಿರುಗಿಸಿ ಇಳಿಸಿದಳು. ಅವನಿಗೆ ಹೊರಗೆ ಹೋಗಿ ಎನ್ನಲೂ ಇಲ್ಲ, ಕೂತುಕೊಳ್ಳಿ ಎನ್ನಲೂ ಇಲ್ಲ. ಅವನು ಬಾಗಿಲ ಬಳಿ ನಿಂತ.

ಕಂಪ್ಯೂಟರಿನಲ್ಲಿ ಗಂಟೆ ಬಾರಿಸಿ ಒಂದು ಮುಖ ಮೂಡಿತು. ಆ ದ್ವೀಪದ ಹೆಂಗಸು, ಅನಘಾಳ ತಾಯಿಯ ವಯಸ್ಸು, ತಲೆಗೆ ವಸ್ತ್ರ ಸುತ್ತಿದ್ದಳು. ಹಿಂದೆ ಬೆಂಚಿನ ಮೇಲೆ ನಾಲ್ಕೈದು ಜನ ಕಾಯುತ್ತಿದ್ದರು. ಯಾರೋ ನಕ್ಕು ಕೈಬೀಸಿದರು. ಅನಘಾ ಇಂಗ್ಲಿಷಿನಲ್ಲಿ ಶುರುಮಾಡಿದಳು. ಅವನಿಗೆ ತಿಳಿಯುವ ಇಂಗ್ಲಿಷು ಇಷ್ಟು ವರ್ಷ ಯಜಮಾನರುಗಳ ಬಾಯಿಂದ ಹೆಕ್ಕಿಕೊಂಡದ್ದು. ಬೈಗುಳ, ಅಪ್ಪಣೆ, ತಪ್ಪೊಪ್ಪಿಗೆಗಳ ಮಟ್ಟಿಗೆ ಸಾಕಾಗುವಷ್ಟು. ಸಾರಿ ಎಂದಳು. ನಂಬರ್ ಇಲ್ಲ ಎಂದಳು. ನೆರಳು ಕಟ್ಟಿ, ಆಗುವಷ್ಟು ಗೂಡಿಗೆ ಕಟ್ಟಿ ಎಂದಳು. ಬೆಂಚಿನ ಮೇಲಿದ್ದ ಒಬ್ಬ ಎದ್ದು ಏನೋ ಜೋರಾಗಿ ಹೇಳಿದ. ಒಂದು ವರ್ಷ ಕಾದೆವಲ್ಲ ಎಂದಿರಬೇಕು. ಆ ಹೆಂಗಸು ಕೈಯೆತ್ತಿ ಅವನನ್ನು ಕೂರಿಸಿ, ಏನಾಯಿತು ಎಂದು ಕೇಳಿದಳು.

"ಮೈ ಮಿಸ್ಟೇಕ್," ಎಂದಳು ಅನಘಾ. "ಐ ಡಿಡ್ ನಾಟ್ ಸೆಟ್ ಇಟ್ ಅಪ್ ಪ್ರಾಪರ್ಲಿ. ಮೈ ಫಾಲ್ಟ್."

ಬೆಂಚಿನವನು ಮತ್ತೆ ಎದ್ದ. ಈ ಸಲ ಅವನನ್ನು ಯಾರೂ ಕೂರಿಸಲಿಲ್ಲ. ಅನಘಾ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು, ಕುತ್ತಿಗೆಯ ಹಿಂದಿನ ಮೂಳೆ ಎದ್ದು ಕಾಣುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಶ್ರೀಕಂಠನಿಗೆ ತಾನು ಬಾಗಿಲಲ್ಲಿ ನಿಂತಿದ್ದೇನೆ ಎಂದು ತಿಳಿಯಿತು. ಕಾಲು ಕಿತ್ತಿಡಲು ಬಹಳ ಹೊತ್ತು ಹಿಡಿದ ಹಾಗಾಯಿತು. ಮೇಜಿನ ಬಳಿ ಹೋಗಿ ಅವಳ ಕುರ್ಚಿಯ ಬೆನ್ನು ಹಿಡಿದುಕೊಂಡು ಬಗ್ಗಿದ. ತನ್ನ ಮುಖ ಪರದೆಯ ಮೂಲೆಯಲ್ಲಿ ಸಣ್ಣದಾಗಿ, ಹಲ್ಲಿಲ್ಲದ ಕಡೆ ಕುಳಿಬಿದ್ದು ಕಾಣಿಸಿತು.

"ನಾಟ್ ಶೀ," ಎಂದ. ಇನ್ನೂ ಬಗ್ಗಿ ಮತ್ತೆ ಹೇಳಿದ. "ಮ್ಯಾಡಮ್, ನಾಟ್ ಶೀ. ಐ ಡೂ. ಐ ಪುಟ್ ಕೋಲ್ಡ್ ಕ್ಲಾತ್. ಶೀ ಡೋಂಟ್ ನೋ."

"ಅಂಕಲ್, ಬೇಡ."

"ಸುಮ್ನಿರಮ್ಮ."

ಅತ್ತ ಕಡೆ ಬೆಂಚಿನವನು ಕೂತ. ಆ ಹೆಂಗಸು ಮುಖವನ್ನು ಹತ್ತಿರ ತಂದು, ಯಾರು ನೀವು ಎಂದು ಕೇಳಿದಳು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಕಲಿಸಿದ್ದ ಒಂದೇ ಒಂದು ಪೂರ್ತಿ ವಾಕ್ಯ ಅವನ ಬಾಯಿಗೆ ಬಂತು: "ಮೈ ನೇಮ್ ಈಸ್ ಶ್ರೀಕಂಠ." ಅದರ ಮುಂದೆ ಇಂಗ್ಲಿಷು ಇರಲಿಲ್ಲ. ಆ ಹೆಂಗಸು ಪೆನ್ನು ತೆಗೆದುಕೊಂಡಳು. ಯಾವ ಮೊಟ್ಟೆ, ಯಾವ ದಿನ, ಎಷ್ಟು ಗಂಟೆ ಎಂದು ಕೇಳಿದಳು. ಸಿಟ್ಟೇನೂ ಇಳಿದಿರಲಿಲ್ಲ, ಆದರೆ ಕೇಳುತ್ತಿದ್ದಳು.

ಅನಘಾ ಅವನನ್ನು ನೋಡಲಿಲ್ಲ. ಕಾಲಿನಿಂದ ಪಕ್ಕದ ಕುರ್ಚಿಯನ್ನು ಎಳೆದು ಹತ್ತಿರ ಮಾಡಿದಳು.

"ಕನ್ನಡದಲ್ಲೇ ಹೇಳಿ. ನಾನು ಹೇಳ್ತೀನಿ ಅವರಿಗೆ. ನೆನಪಿದ್ಯಾ, ಎಲ್ಲಾ?"

ಅವನು ಕೂತ. ನೆನಪಿತ್ತು. ನೆನಪಿರುವುದೇ ಅವನ ಕಷ್ಟವಾಗಿತ್ತು.

"ಜೂನ್ ಹದಿನೆಂಟು, ಶನಿವಾರ," ಎಂದ. "ಬೆಳಿಗ್ಗೆ ಒಂಬತ್ತು ಗಂಟೆ. ನಾಲ್ಕು ಸಲ ಅದ್ದಿದೆ. ಆಮೇಲೆ ಸೋಮವಾರ."